ಕೈ ನೋಡಿ ಮಾಡಿದ ಗಿಟಾರು

ವಾದ್ಯಗಳನ್ನು ಮಾರುವ ಅಂಗಡಿಗಳ ಗೋಡೆಯ ಮೇಲೆ ‘ದಯವಿಟ್ಟು ಮುಟ್ಟಬೇಡಿ’ ಎಂಬ ಫಲಕವನ್ನು ಕಂಡಾಗಲೆಲ್ಲ ನನ್ನ ಮನಸ್ಸು ಮುದುಡಿಕೊಳ್ಳುತ್ತದೆ. ಚಿನ್ನಬೆಳ್ಳಿಯ ಅಂಗಡಿಯಲ್ಲಿ ಆ ಮಾತು ಸಲ್ಲುತ್ತದೆ. ಗಾಜಿನ ಸಾಮಾನುಗಳ ಮಳಿಗೆಯಲ್ಲಿಯೂ ಅದನ್ನು ಯಾರೂ ಆಕ್ಷೇಪಿಸಲಾರರು. ಆದರೆ ಮುಟ್ಟಿದ ಹೊರತು ಬಾಯ್ದೆರೆಯದ, ಮುಟ್ಟಿದವರ ಬೆರಳಿನ ಬಲವನ್ನೂ ನಯವನ್ನೂ ಅನುಸರಿಸಿ ಮಾತ್ರವೇ ನುಡಿಯುವ ವಸ್ತುವನ್ನು, ಬೆಲೆಯ ಚೀಟಿಯನ್ನೋದಿ, ಅದರ ನಾದವನ್ನು ಮನಸ್ಸಿನಲ್ಲಿಯೇ ಊಹಿಸಿಕೊಂಡು ಕೊಳ್ಳಬೇಕೆಂದರೆ ಅದು ಹೇಗೆ ಸಾಧ್ಯ? ಪ್ಯಾರಿಸಿನ ಪಿಗಾಲ್ ಬಡಾವಣೆಯಲ್ಲಿ ದುಎ ಎಂಬ ಬೀದಿಯೊಂದಿದೆ. ಗಿಟಾರಿನ ಅಂಗಡಿಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಉದ್ಯೋಗದ ನಿಮಿತ್ತ ಆ ನಗರದಲ್ಲಿದ್ದ ಕಾಲದಲ್ಲಿ, ಸಂಜೆಯ ಹೊತ್ತು ಆ ಬೀದಿಯಲ್ಲಿ ಅಡ್ಡಾಡುವುದು ನನಗೆ ರೂಢಿಯಾಗಿತ್ತು. ಅಲ್ಲಿಯ ಅಂಗಡಿಯೊಂದರಲ್ಲಿ ಕೈಗೆಟುಕದಷ್ಟು ಎತ್ತರದಲ್ಲಿ, ಅಂಡಾಕಾರದ ಪುಟ್ಟ ನಾದರಂಧ್ರವನ್ನೂ ತಂತಿಗಳನ್ನು ಹೊರುವ ಕುದುರೆಯ ಇಕ್ಕೆಲಗಳಲ್ಲಿ ಮೀಸೆಯಂಥ ಕರಿಯ ಪಟ್ಟಿಗಳನ್ನೂ ಉಳ್ಳ ಗಿಟಾರೊಂದು ತೂಗುತ್ತಿತ್ತು. ಅದರ ಕೆಳಗೂ ಅದೇ ಫಲಕ.

ಈ ವಿಷಯದಲ್ಲಿ ನನಗೆ ಬಾಲ್ಯದಲ್ಲಿಯೇ ಬೇರೊಂದು ಸಂಸ್ಕಾರವಾಗಿತ್ತು. ಧಾರವಾಡದಲ್ಲಿದ್ದ ನಮ್ಮ ಸೋದರಮಾವ ತಂಬೂರಿಯೊಂದನ್ನು ಕೊಳ್ಳಲು ಮಿರಜಕ್ಕೆ ಹೊರಟಾಗ, ಬೇಸಿಗೆಯ ರಜೆಗೆಂದು ಮಲೆನಾಡಿನಿಂದ ಬಂದಿದ್ದ ನನ್ನನ್ನೂ ಜೊತೆಗೆ ಕರೆದೊಯ್ದರು. ವಾದ್ಯ ಮಾಡುವವರ ಆ ಓಣಿಯಲ್ಲಿ, ಮಾಡಿನ ತೊಲೆಗಳಿಂದ ಒಣಗಿದ ಬುರುಡೆಗಳು ಇಳಿಬಿದ್ದಿದ್ದುವು. ಅರಗಿನ ವಾಸನೆಯೂ ಮರದ ಹುಡಿಯ ವಾಸನೆಯೂ ಕೂಡಿ ಗಾಳಿಯನ್ನೆಲ್ಲ ವ್ಯಾಪಿಸಿದ್ದುವು. ಮಾವ ತಂಬೂರಿಗಳನ್ನು ನೋಡಬೇಕೆಂದು ಕೇಳಿದಾಗ, ಕೆಲಸದ ಮುಂದೆ ಕುಳಿತಿದ್ದ ವೃದ್ಧರು ಕೈಯಲ್ಲಿದ್ದ ಉಳಿಯನ್ನು ಕೆಳಗಿಟ್ಟು, “ಮೊದಲ ನೀವು ಹಾಡ್ರಿ ಸಾಹೇಬ್ರ, ಆಮ್ಯಾಲೆ ತಂಬೂರಿ ನೋಡೂಣು” ಎಂದರು. ಮಾವ ಕಣ್ಣು ಮುಚ್ಚಿ ಷಡ್ಜವನ್ನು ಹಿಡಿದರು. ವೃದ್ಧರು ಬಹಳ ಹೊತ್ತು ಕೇಳಿದರು. ಕೇಳಿದ ಮೇಲೆ ಎದ್ದುಹೋಗಿ, ತೂಗುತ್ತಿದ್ದ ಬುರುಡೆಗಳಲ್ಲಿ ಒಂದನ್ನು ಬೆರಳಿನಿಂದ ತಟ್ಟಿ, ಅದನ್ನು ಬಿಟ್ಟು ಇನ್ನೊಂದನ್ನು ತಟ್ಟಿ, ಕೊನೆಗೆ ಒಂದರ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು. ತಂಬೂರಿ ಆಗಿನ್ನೂ ಹುಟ್ಟಿರಲಿಲ್ಲ. ಅದು ಹುಟ್ಟಿ, ತಂತಿ ಕಟ್ಟಿಸಿಕೊಂಡು, ಕುದುರೆಯ ಮೇಲೆ ನೂಲಿನ ಎಳೆಯನ್ನಿರಿಸಿ ಜವಾರಿ ಎಂಬ ಝೇಂಕಾರವನ್ನು ಸರಿಪಡಿಸಿಕೊಂಡು ಮಾವನ ಮನೆಗೆ ಬರುವ ವೇಳೆಗೆ ಮಳೆಗಾಲ ಕಳೆದಿತ್ತು. ವಾದ್ಯವನ್ನು ಕೊಳ್ಳುವುದೆಂದರೆ ಹೀಗೆ ಮೊದಲು ತನ್ನನ್ನು ತೋರಿಸಿಕೊಂಡು, ಅನಂತರ ಕಾಯುವುದು ಎಂಬ ಭಾವನೆ ಅಂದಿನಿಂದ ನನ್ನಲ್ಲಿ ಬೇರೂರಿತು.

ಪ್ಯಾರಿಸಿನ ಉತ್ತರದ ಅಂಚಿನಲ್ಲಿ ಸೆಂತ್-ಊಆನ್ ಎಂಬಲ್ಲಿ ಹಳೆಯ ಸಾಮಾನುಗಳ ದೊಡ್ಡ ಸಂತೆ ಸೇರುತ್ತದೆ. ಅದರ ನಡುವೆ ‘ಲಾ ಶೋಪ್ ದೆ ಪ್ಯೂಸ್’ ಎಂಬ ಪಾನಗೃಹವೊಂದು ಬಹು ದಶಕಗಳಿಂದ ಇದೆ. ವಾರದ ಕೊನೆಯಲ್ಲಿ ಅಲ್ಲಿ ಗಿಟಾರು ನುಡಿಸುವ ಪದ್ಧತಿ. ಹಳೆಯ ಪುಸ್ತಕಗಳನ್ನು ಹುಡುಕುತ್ತ ಹೋದ ನಾನು ಮಳೆಯ ಕಾರಣದಿಂದ ಅದರ ಬಾಗಿಲಲ್ಲಿ ನಿಂತೆ. ಒಳಗೆ ಇಬ್ಬರು ಗೋಡೆಗೆ ಒರಗಿಕೊಂಡು ಕುಳಿತಿದ್ದರು. ಮೃದಂಗವಿಲ್ಲ, ತಬಲವಿಲ್ಲ, ತಾಳದ ಬಟ್ಟಲೂ ಇಲ್ಲ. ಒಬ್ಬನ ಬಲಗೈ ತಂತಿಗಳ ಮೇಲೆ ಇಳಿದೇರುತ್ತ ತಾನೇ ತಾಳವಾಗಿತ್ತು. ಆ ಲಯಕ್ಕೆ ಅವರು ‘ಪೋಂಪ್’ ಎನ್ನುತ್ತಾರೆಂದು ಆಮೇಲೆ ತಿಳಿದೆ. ಮತ್ತೊಬ್ಬನು ಆ ಲಯದ ಮೇಲೆ ಸ್ವರಗಳನ್ನು ಬಿಡಿಸುತ್ತಿದ್ದನು. ಒಂದೊಂದು ಸ್ವರವೂ, ಒಣಗಿದ ಸೌದೆಯನ್ನು ಒಂದೇ ಏಟಿಗೆ ಸೀಳಿದಾಗ ಹೊರಡುವ ಸದ್ದಿನಂತೆ, ಶುಷ್ಕವಾಗಿಯೂ ನಿಚ್ಚಳವಾಗಿಯೂ ಇತ್ತು. ನಾನು ಕೇಳಿ ಬಲ್ಲ ಗಿಟಾರುಗಳ ಮೃದುವಾದ ಅನುರಣನ ಅದರಲ್ಲಿರಲಿಲ್ಲ. ಆದರೂ ಆ ಬಿಗುವಿನ ಒಳಗೆ ಎಂಥ ಉಲ್ಲಾಸ, ಆ ಉಲ್ಲಾಸದ ಅಡಿಯಲ್ಲಿ ಎಂಥ ವಿಷಾದ! ಮಳೆ ನಿಂತಿತು, ನಾನು ನಿಂತೇ ಇದ್ದೆ.

ಈ ಸಂಗೀತದ ಮೂಲಪುರುಷನ ಕಥೆಯನ್ನು ಹೇಳದೆ ಈ ವಾದ್ಯದ ಕಥೆಯನ್ನು ಹೇಳಲಾಗದು. ಜಾಂಗೊ ರೈನ್‌ಹಾರ್ಟ್ 1910ರ ಜನವರಿಯಲ್ಲಿ ಬೆಲ್ಜಿಯಮ್ಮಿನ ಲಿಬರ್ಶಿ ಎಂಬ ಹಳ್ಳಿಯ ಬಳಿ ತಂಗಿದ್ದ ಮಾನೂಶ್ ಕುಟುಂಬವೊಂದರಲ್ಲಿ ಹುಟ್ಟಿದನು. ಸುಮಾರು ಸಾವಿರ ವರ್ಷಗಳ ಹಿಂದೆ ವಾಯವ್ಯ ಭಾರತದಿಂದ ಹೊರಟು, ಪರ್ಷಿಯಾ ಬೈಜಾಂಟಿಯಮ್‌ಗಳನ್ನು ಹಾದು ಯೂರೋಪಿನ ತುಂಬ ಹರಡಿಕೊಂಡ ರೋಮಾ ಜನರ ಒಂದು ಶಾಖೆ ಅದು. ಬಂಡಿಯ ಮನೆಯಲ್ಲಿ ಬೆಳೆದ ಹುಡುಗ, ಹನ್ನೆರಡರ ಪ್ರಾಯದಲ್ಲಿ ಬ್ಯಾಂಜೊ-ಗಿಟಾರನ್ನು ಕೈಗೆತ್ತಿಕೊಂಡು, ಪ್ಯಾರಿಸಿನ ನೃತ್ಯಶಾಲೆಗಳಲ್ಲಿ ಹೆಸರು ಮಾಡುತ್ತಿದ್ದನು. 1928ರಲ್ಲಿ ಒಂದು ರಾತ್ರಿ, ಹೆಂಡತಿ ಮಾರುವುದಕ್ಕೆಂದು ಮಾಡಿಟ್ಟಿದ್ದ ಸೆಲ್ಯುಲಾಯ್ಡ್ ಹೂವುಗಳಿಗೆ ಮೇಣದ ಬತ್ತಿಯ ಕಿಡಿ ತಾಕಿ ಬಂಡಿ ಹೊತ್ತಿಕೊಂಡಿತು. ಬೆಂದುಹೋದ ಎಡಗೈಯ ಉಂಗುರಬೆರಳೂ ಕಿರುಬೆರಳೂ ಮತ್ತೆ ಸೆಟೆದು ನಿಲ್ಲಲಿಲ್ಲ. ಆಸ್ಪತ್ರೆಯ ಹಾಸಿಗೆಯ ಮೇಲೆ ತಮ್ಮನಾದ ಜೋಸೆಫ್ ತಂದುಕೊಟ್ಟ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು, ಉಳಿದ ಎರಡು ಬೆರಳುಗಳಿಗೇ ಅವನು ಹೊಸದೊಂದು ಮಾರ್ಗವನ್ನು ಕಲಿಸಿದನು. 1934ರಲ್ಲಿ ವಯಲಿನ್ ವಾದಕ ಸ್ತೆಫಾನ್ ಗ್ರಪೆಲಿಯೊಡನೆ ಕೂಡಿ ಕಟ್ಟಿದ ಐವರ ವೃಂದದಲ್ಲಿ ಒಂದು ವಯಲಿನ್, ಮೂರು ಗಿಟಾರು, ಒಂದು ಡಬಲ್ ಬಾಸ್, ಇಷ್ಟೇ ಇದ್ದುವು. ‘ನುವಾಜ್’, ಅಂದರೆ ಮೇಘಗಳು ಎಂಬ ಅವನ ರಚನೆ ಧ್ವನಿಮುದ್ರಣಗೊಂಡದ್ದು 1940ರಲ್ಲಿ, ಪ್ಯಾರಿಸು ಜರ್ಮನರ ವಶದಲ್ಲಿದ್ದಾಗ. ಅವನ ಜನರು ಲಕ್ಷಗಟ್ಟಲೆಯಾಗಿ ಹತರಾಗುತ್ತಿದ್ದ ವರ್ಷಗಳಲ್ಲಿ ಆ ನಗರವು ಅವನ ಮೇಘಗಳನ್ನು ಗುನುಗುತ್ತಿತ್ತು. ಇದನ್ನು ತಿಳಿದ ಮೇಲೆ, ಆ ರಾಗದ ಮಾರ್ದವವನ್ನು ನಾನು ಹಿಂದಿನಂತೆ ನಿಶ್ಚಿಂತನಾಗಿ ಕೇಳಲಾರದವನಾದೆ.

ಜಾಂಗೊವಿನ ಕೈಗೆ ಒಪ್ಪಿದ ಗಿಟಾರನ್ನು ಕಲ್ಪಿಸಿದವನೂ ಕೈಯಿಂದ ನೊಂದವನೇ. ಮಾರಿಯೊ ಮಕ್ಕಾಫೆರಿ ಇಟಲಿಯ ಚೆಂತೊ ಎಂಬ ಊರಿನವನು. ವಾದ್ಯಶಿಲ್ಪವನ್ನು ಲುಯೀಜಿ ಮೊತ್ಸಾನಿ ಎಂಬ ಗುರುವಿನ ಬಳಿ ಕಲಿತವನು. ಸಭೆಗಳಲ್ಲಿ ಗಿಟಾರು ನುಡಿಸಿ ಮನ್ನಣೆ ಪಡೆದವನು. ಸ್ಯಾಕ್ಸೊಫೋನು ಕ್ಲ್ಯಾರಿನೆಟ್ಟುಗಳಿಗೆ ಪ್ರಸಿದ್ಧವಾದ ಪ್ಯಾರಿಸಿನ ಸೆಲ್ಮರ್ ಸಂಸ್ಥೆಗೆ ಅವನು ರೂಪಿಸಿಕೊಟ್ಟ ಗಿಟಾರು, ಮಾಂತ್-ಲ-ವಿಲ್‌ನಲ್ಲಿದ್ದ ಅವರ ಕಾರ್ಖಾನೆಯಿಂದ 1932ರಲ್ಲಿ ಹೊರಬಂತು. ವಿದ್ಯುತ್ತಿನ ಸಹಾಯವಿಲ್ಲದೆ ವೃಂದದ ನಡುವೆ ಕೇಳಿಸಬೇಕಾದ ಕಾಲವದು. ಆದುದರಿಂದಲೇ ಡಿ ಅಕ್ಷರದ ಆಕಾರದ ವಿಶಾಲವಾದ ನಾದರಂಧ್ರ, ಒಳಗೆ ಇನ್ನೊಂದು ಅನುರಣನಪೇಟಿಕೆ, ಮೇಲಿನ ಮೆಟ್ಟುಗಳನ್ನು ಬೆರಳು ಮುಟ್ಟಲೆಂದು ಕೊರೆದುಬಿಟ್ಟ ಭುಜ. ಮರುವರ್ಷವೇ ಅವನಿಗೂ ಸೆಲ್ಮರ್‌ನವರಿಗೂ ಸಂಬಂಧ ಕಡಿಯಿತು. ಅದೇ 1933ರಲ್ಲಿ ಈಜುಕೊಳದಲ್ಲಿ ಕೈಗೆ ಪೆಟ್ಟಾಗಿ ಅವನ ಕಚೇರಿಯ ಜೀವನವೂ ಮುಗಿಯಿತು. ಮುಂದೆ ಅಮೆರಿಕಕ್ಕೆ ಹೋಗಿ, ಪ್ಲಾಸ್ಟಿಕ್ಕಿನ ಯೂಕುಲೆಲೆಗಳನ್ನು ಲಕ್ಷೋಪಲಕ್ಷವಾಗಿ ಮಾಡಿ ಮಾರಿ, 1993ರವರೆಗೂ ಅವನು ಬದುಕಿದ್ದನು. ಬೆಂಕಿಯಿಂದ ಬೆರಳು ಕಳೆದುಕೊಂಡವನೊಬ್ಬ, ನೀರಿನಲ್ಲಿ ಕೈ ಕಳೆದುಕೊಂಡವನೊಬ್ಬ. ಈ ಇಬ್ಬರ ನಡುವೆ ಈ ಗಿಟಾರು ಹುಟ್ಟಿ ಬೆಳೆಯಿತು. ಮಕ್ಕಾಫೆರಿ ಹೋದ ಮೇಲೆ ಸೆಲ್ಮರ್‌ನವರು ಒಳಪೇಟಿಕೆಯನ್ನು ತೆಗೆದುಹಾಕಿ, ನಾದರಂಧ್ರವನ್ನು ಕಿರಿದಾದ ಅಂಡಾಕಾರಕ್ಕೆ ತಂದು, ತಂತಿಯ ಉದ್ದವನ್ನು 670 ಮಿಲಿಮೀಟರಿಗೆ ಹೆಚ್ಚಿಸಿದರು; ಒಡಲನ್ನು ಹನ್ನೆರಡನೆಯ ಮೆಟ್ಟಿನಲ್ಲಿ ಸೇರುತ್ತಿದ್ದ ದಂಡಿ ಹದಿನಾಲ್ಕನೆಯದರಲ್ಲಿ ಸೇರತೊಡಗಿತು. 1952ರಲ್ಲಿ ತಯಾರಿಕೆಯೇ ನಿಂತಿತು. ಒಟ್ಟು ಹುಟ್ಟಿದ್ದು ಸಾವಿರಕ್ಕೂ ಕಡಿಮೆ.

ಆ ಸಾವಿರದೊಳಗಿನ ಒಂದನ್ನು ನಾನು ಕಂಡದ್ದು ಲಾ ವಿಲೆತ್‌ನಲ್ಲಿರುವ ಸಂಗೀತದ ವಸ್ತುಸಂಗ್ರಹಾಲಯದಲ್ಲಿ. 1940ರಲ್ಲಿ ತಯಾರಾದ 503ನೆಯ ಸಂಖ್ಯೆಯ ಸೆಲ್ಮರ್, ಜಾಂಗೊ ನುಡಿಸಿದ್ದು, ಅವನ ಮರಣಾನಂತರ ಅವನ ಪತ್ನಿ ದಾನವಾಗಿ ಕೊಟ್ಟದ್ದು. ಗಾಜಿನ ಆಚೆಗಿದ್ದ ಅದನ್ನು ಮುಟ್ಟಬೇಕೆಂಬ ಆಸೆ ನನಗೆ ಬರಲಿಲ್ಲ. ಅದರ ಮಾತು ಮುಗಿದಿತ್ತು, ಮುಗಿದ ಮಾತು ಅಷ್ಟಕ್ಕೇ ಪೂರ್ಣವಾಗಿತ್ತು. ಇಂಥ ಹಳೆಯ ಸೆಲ್ಮರ್‌ಗಳು ಮಾರಾಟಕ್ಕೆ ಬಂದರೆ ಮನೆ ಕಟ್ಟುವಷ್ಟು ಹಣ ಬೇಕು. ಕಾರ್ಖಾನೆಗಳಲ್ಲಿ ಅದೇ ಆಕೃತಿಯಲ್ಲಿ ತಯಾರಾಗಿ ಬರುವ ಗಿಟಾರುಗಳೂ ಇವೆ; ಅನೇಕ ಬಡ ಕಲಿಕಾರ್ಥಿಗಳಿಗೆ ಅವು ಈ ಸಂಗೀತದ ಬಾಗಿಲನ್ನು ತೆರೆದಿರುವುದರಿಂದ ನಾನು ಅವುಗಳನ್ನು ಹಗುರವಾಗಿ ಕಾಣಲಾರೆ. ಆದರೆ ನನ್ನ ಕಿವಿಯಲ್ಲಿ ಮಿರಜದ ಆ ವೃದ್ಧರ ಮಾತು ಉಳಿದಿತ್ತು. ಪ್ಯಾರಿಸಿನಲ್ಲಿ ಬುಸಾತೊ, ಜಾಕ್ ಫವೀನೊ ಮುಂತಾದ ಶಿಲ್ಪಿಗಳು ಸೆಲ್ಮರ್‌ನ ಮಾರ್ಗವನ್ನು ಮುಂದುವರಿಸಿದರು; ಅವರ ತರುವಾಯ ಕೊನ್ಯಾಕ್ ಸೀಮೆಯ ಮೊರೀಸ್ ದ್ಯುಪೊಂ ಅವರಂಥವರು ಆ ವಿದ್ಯೆಯನ್ನು ಮತ್ತೆ ಚಿಗುರಿಸಿದರು. ಇಂದಿಗೂ ಹಳ್ಳಿಗಳ ಸಣ್ಣ ಕಮ್ಮಟಗಳಲ್ಲಿ ಒಬ್ಬೊಬ್ಬರೇ ಕುಳಿತು ವರ್ಷಕ್ಕೆ ಬೆರಳೆಣಿಕೆಯ ಗಿಟಾರುಗಳನ್ನು ಮಾಡುವವರಿದ್ದಾರೆ. ಅಂಥವರೊಬ್ಬರಿಗೆ ಪತ್ರ ಬರೆದೆ. “ಬನ್ನಿ, ನಿಮ್ಮ ಕೈಯನ್ನು ನೋಡಬೇಕು” ಎಂದು ಉತ್ತರ ಬಂತು.

ಲುಆರ್ ನದಿಯಿಂದ ದಕ್ಷಿಣಕ್ಕೆ, ಸೂರ್ಯಕಾಂತಿಯ ಹೊಲಗಳ ನಡುವೆ ಇದ್ದ ಅವರ ಕಮ್ಮಟ ಹಿಂದೆ ಕೊಟ್ಟಿಗೆಯಾಗಿದ್ದ ಕಟ್ಟಡ. ವಯಸ್ಸಾದ ಗೃಹಸ್ಥರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ನನ್ನ ಎಡಗೈಯನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನ ಬುಡವನ್ನೂ ಅಂಗೈಯ ಅಗಲವನ್ನೂ ನೋಡಿದರು. ಅನಂತರ ಅಂಡರಂಧ್ರದ ಒಂದು ಗಿಟಾರನ್ನೂ ಡಿ ರಂಧ್ರದ ಒಂದು ಗಿಟಾರನ್ನೂ ಒಂದಾದ ಮೇಲೊಂದು ಕೈಗಿತ್ತು, ರಾಗವನ್ನಲ್ಲ, ಬರಿಯ ಲಯವನ್ನು ನುಡಿಸೆಂದರು. ನಾನು ಹೋದದ್ದು ಜಾಂಗೊವಿನದರಂಥ ಅಂಡರಂಧ್ರದ ಗಿಟಾರಿಗೆ. ಅವರು ಕೇಳುತ್ತ ಕೇಳುತ್ತ ಕಿಟಕಿಯ ಕಡೆ ಹೋಗಿ ನಿಂತು, ನಾನು ನಿಲ್ಲಿಸಿದಾಗ ಹೇಳಿದರು: “ನಿಮ್ಮ ಬಲಗೈ ಲಯದ ಕೈ. ಮುಂದೆ ನಿಂತು ಹಾಡುವವನಿಗೆ ಚಿಕ್ಕ ಬಾಯಿ ಬೇಕು. ಅವನನ್ನು ಹೊತ್ತು ನಡೆಯುವವನಿಗೆ ದೊಡ್ಡ ಬಾಯಿ. ನಿಮಗೆ ದೊಡ್ಡ ಬಾಯಿಯದನ್ನೇ ಮಾಡುತ್ತೇನೆ.” ಹಿಂದಿನಿಂದಲೂ ಈ ಸಂಗೀತದಲ್ಲಿ ಲಯ ಹಿಡಿಯುವವರು ಡಿ ರಂಧ್ರದ ಗಿಟಾರನ್ನು ಇಷ್ಟಪಟ್ಟಿದ್ದಾರೆ. ಆದರೆ ಆ ಮಾತು ನನಗೆ ಸಂತೋಷವನ್ನುಂಟುಮಾಡಿದ್ದು ಬೇರೆ ಕಾರಣದಿಂದ. ನನ್ನಲ್ಲಿರುವುದು ಏನು ಎಂಬುದನ್ನು ನನಗಿಂತ ಮೊದಲು ಕಂಡು, ಅದಕ್ಕೊಂದು ಘನತೆಯ ಹೆಸರು ಕೊಟ್ಟು, ಅದಕ್ಕೆ ತಕ್ಕ ಒಡಲನ್ನು ಕಟ್ಟಲು ಒಬ್ಬ ಶಿಲ್ಪಿ ಒಪ್ಪಿದ್ದನಲ್ಲ! ವೃಂದದಲ್ಲಿ ಒಬ್ಬರನ್ನು ಹೊತ್ತು ನಡೆಯುವುದು ಸಣ್ಣ ಭಾಗ್ಯವಲ್ಲ. ಜಾಂಗೊವಿನ ಹಿಂದೆ ಕುಳಿತು ವರ್ಷಗಟ್ಟಲೆ ಲಯ ಹಿಡಿದವರಲ್ಲಿ ಅವನ ತಮ್ಮ ಜೋಸೆಫನೂ ಒಬ್ಬ. ಆಸ್ಪತ್ರೆಗೆ ಗಿಟಾರು ತಂದುಕೊಟ್ಟ ಅದೇ ತಮ್ಮ.

ಮುಂಗಡ ಕೊಟ್ಟ ಮೇಲೆ ಅವರು ಕಮ್ಮಟವನ್ನು ತೋರಿಸಿದರು. ಮುಖದ ಹಲಗೆಗೆ ಎತ್ತರದ ಬೆಟ್ಟಗಳ ಸ್ಪ್ರೂಸ್ ಮರ. ಸೀಳಿ, ವರ್ಷಾನುಗಟ್ಟಲೆ ಗಾಳಿಗಿಟ್ಟು ಒಣಗಿಸಿದ್ದು. ಅದನ್ನು ತೆಳುವಾಗಿ ಹೆರೆದು, ಕುದುರೆಯ ಹಿಂಭಾಗದಲ್ಲಿ ಬಿಸಿ ತಾಕಿಸಿ ಕಿಂಚಿತ್ತಾಗಿ ಬಾಗಿಸುತ್ತಾರೆ; ಆ ಬಾಗುವಿಕೆಯೇ ಉಕ್ಕಿನ ತಂತಿಗಳ ಬಿಗುವನ್ನು ತಾಳುವ ಬಲ, ಈ ಗಿಟಾರಿನ ಶುಷ್ಕನಾದದ ಒಂದು ರಹಸ್ಯ. ದಂಡಿಗೆ ಅಕ್ರೋಟ್ ಮರ, ಬೆರಳಾಡುವ ಪಟ್ಟಿಗೆ ಎಬೊನಿಯ ಕರಿಮರ, ತಂತಿಗಳ ತುದಿಗಳನ್ನು ಹಿಡಿಯಲು ಹಿತ್ತಾಳೆಯ ಪಟ್ಟಿ. ಕುದುರೆಯನ್ನು ಅಂಟಿಸುವುದಿಲ್ಲ, ವಯಲಿನ್ನಿನ ಕುದುರೆಯಂತೆ ಅದು ತಂತಿಗಳ ಒತ್ತಡದಿಂದಲೇ ನಿಲ್ಲುತ್ತದೆ. ಬೆನ್ನಿಗೂ ಪಕ್ಕೆಗಳಿಗೂ ತೆಳುವಾದ ಪದರಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದ ಹಲಗೆ. ಒಳಗಿನದು ಮಹಾಗನಿ, ಹೊರಗಿನ ಪದರ ಕಪ್ಪುನೇರಳೆಯ ಗೆರೆಗಳುಳ್ಳ ಒಂದು ಮರ. ಅವರು ಆ ಪದರವನ್ನು ಬೆಳಕಿಗೆ ಹಿಡಿದು, “ಇದು ನಿಮ್ಮ ದೇಶದ್ದು” ಎಂದರು.

ಅದು ಬೀಟೆ. ನಮ್ಮ ಅಜ್ಜಿಯ ಮಂಚ ಬೀಟೆಯದು. ನನ್ನನ್ನು ತೂಗಿದ ತೊಟ್ಟಿಲಿನ ಪಟ್ಟಿಗಳು ಬೀಟೆಯವು. ಮೈಸೂರಿನ ಅರಮನೆಯಲ್ಲಿ ದಂತದ ಕುಸುರಿಯನ್ನು ಮೈತುಂಬ ಧರಿಸಿ ನಿಂತಿರುವ ಬಾಗಿಲುಗಳೂ ಬೀಟೆಯವೇ. ಪಶ್ಚಿಮಘಟ್ಟದ ಮಳೆಯನ್ನು ಕುಡಿದು, ಬೇಸಗೆಯಲ್ಲಿ ಎಲೆಯುದುರಿಸಿ, ನಿಧಾನವಾಗಿ ಬಹು ನಿಧಾನವಾಗಿ ಕರಿಯ ತಿರುಳನ್ನು ಕಟ್ಟಿಕೊಳ್ಳುವ ಈ ಮರವು ಕಡಿತಕ್ಕೆ ಸಿಕ್ಕಿ ವಿರಳವಾಗುತ್ತ ಬಂದಿದೆ. 2017ರ ಆರಂಭದಿಂದ ಇದರ ಇಡೀ ಕುಲವನ್ನೇ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ರಕ್ಷಣೆಗೆ ಒಳಪಡಿಸಿದರು. ಕೆಲವು ಕಾಲ, ಒಂದು ಗಿಟಾರನ್ನು ಗಡಿಯಾಚೆಗೆ ಮಾರಬೇಕಾದರೂ ಪರವಾನಗಿಯ ಕಾಗದಗಳು ಬೇಕಾದುವು; 2019ರ ಕೊನೆಯಲ್ಲಿ ಸಿದ್ಧವಾದ ವಾದ್ಯಗಳಿಗೆ ವಿನಾಯಿತಿ ದೊರೆಯಿತು. ಆ ಕಾಗದಗಳ ಕಷ್ಟವನ್ನು ಅನುಭವಿಸಿದ್ದರೂ ಆ ಶಿಲ್ಪಿ ಕಟ್ಟಳೆಯನ್ನು ದೂರಲಿಲ್ಲ. ತಮ್ಮಲ್ಲಿರುವ ಪದರಗಳು ಮುಗಿದ ಮೇಲೆ ಅಕ್ರೋಟ್ ಮರದಿಂದಲೇ ಬೆನ್ನು ಮಾಡುವೆನೆಂದೂ, ಮರ ಬೆಳೆಯುವ ವೇಗಕ್ಕಿಂತ ಹೆಚ್ಚು ವೇಗವಾಗಿ ಗಿಟಾರು ಮಾಡುವ ಹಕ್ಕು ಯಾರಿಗೂ ಇಲ್ಲವೆಂದೂ ಹೇಳಿ, ಆ ಪದರವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಹೆಸರನ್ನು ಬರೆದಿಟ್ಟರು.

ಆ ಬಳಿಕ ಕಾಯುವ ಕಾಲ. ಆ ವಾದ್ಯದ ಸ್ವರ ನನಗೆ ತಿಳಿಯದೆಯೇ ಅದು ನನ್ನದಾಗಿತ್ತು. ಎಲ್ಲಿಯೋ ದೂರದ ಕೊಟ್ಟಿಗೆಯೊಂದರಲ್ಲಿ ನನ್ನ ಕೈಯ ಅಳತೆ ಮರವಾಗುತ್ತಿತ್ತು. ನಾನು ಆ ಕಾಲವನ್ನು ವ್ಯರ್ಥವಾಗಿ ಕಳೆಯದೆ, ಬರಲಿರುವ ಅತಿಥಿಗೆ ಮನೆಯನ್ನು ಅಣಿಮಾಡುವವರ ಶ್ರದ್ಧೆಯಿಂದ, ಎರವಲು ತಂದ ಗಿಟಾರಿನ ಮೇಲೆ ಲಯವನ್ನೇ ಸಾಧಿಸಿದೆ. ಮಣಿಕಟ್ಟನ್ನು ಸಡಿಲವಾಗಿ ಬಿಟ್ಟು, ದಪ್ಪನೆಯ ಪಿಕ್ಕನ್ನು ಹಗುರವಾಗಿ ಹಿಡಿದು, ಕೈಯ ಭಾರದಿಂದಲೇ ತಂತಿಯನ್ನು ಮೀಟುವುದನ್ನು ಕಲಿತೆ. ಕಾಯುವುದರಲ್ಲಿ ಇಂಥದೊಂದು ಫಲವಿದೆಯೆಂಬುದನ್ನು, ಬೇಕೆಂದ ದಿನವೇ ವಸ್ತುವನ್ನು ಮನೆಯ ಬಾಗಿಲಿಗೆ ತರಿಸಿಕೊಳ್ಳುವ ಈ ಕಾಲದಲ್ಲಿ ನಾವು ಮರೆಯುತ್ತಿದ್ದೇವೆ. ಬಯಸಿದ್ದು ದೊರೆಯುವುದಕ್ಕೆ ಮೊದಲು ನಾವು ಅದಕ್ಕೆ ಅರ್ಹರಾಗಲು ಸ್ವಲ್ಪ ಅವಕಾಶ ಬೇಕು.

ಗಿಟಾರು ಸಿದ್ಧವಾದದ್ದು ಬೇಸಗೆಯ ಹೊಸ್ತಿಲಲ್ಲಿ, ಜಾಂಗೊವಿನ ಸ್ಮರಣೋತ್ಸವದ ವೇಳೆಗೆ. ಜಾಂಗೊ ತನ್ನ ಕೊನೆಯ ವರ್ಷಗಳನ್ನು ಸೆನ್ ನದಿಯ ದಡದ ಸಾಮ್ವಾ ಎಂಬ ಹಳ್ಳಿಯಲ್ಲಿ ಮೀನು ಹಿಡಿಯುತ್ತ, ಚಿತ್ರ ಬರೆಯುತ್ತ ಕಳೆದು, 1953ರ ಮೇ ತಿಂಗಳಲ್ಲಿ ನಲವತ್ತಮೂರನೆಯ ವಯಸ್ಸಿಗೆ ತೀರಿಕೊಂಡನು. ಅವನ ಸ್ಮರಣೆಗೆ 1968ರಲ್ಲಿ ಆ ಊರಿನಲ್ಲಿ ಆರಂಭವಾದ ಉತ್ಸವ, ನದಿಯ ನೆರೆಯ ಕಾರಣದಿಂದ ಹತ್ತಿರದ ಫೊಂತೆನ್‌ಬ್ಲೊ ಅರಮನೆಯ ಉದ್ಯಾನಕ್ಕೆ ಬಂದಿದೆ. ದೇಶವಿದೇಶಗಳ ಗಿಟಾರು ಶಿಲ್ಪಿಗಳು ಅಲ್ಲಿ ತಮ್ಮ ಮಳಿಗೆಗಳನ್ನು ಹೂಡುತ್ತಾರೆ. ಸಮೊರೊ ಎಂಬಲ್ಲಿ ಡೇರೆ ಹಾಕಿದ ವಾದಕರು ಬೆಳಗಿನ ಜಾವದವರೆಗೂ ನುಡಿಸುತ್ತಾರೆ. ನನ್ನ ಗಿಟಾರನ್ನು ನಾನು ಪಡೆದದ್ದು ಆ ಉದ್ಯಾನದಲ್ಲಿ. ಪೆಟ್ಟಿಗೆಯನ್ನು ತೆರೆದು ನಾಲ್ಕಾರು ಸಲ ಮೀಟಿದೆನೋ ಇಲ್ಲವೋ, ಪಕ್ಕದಲ್ಲಿ ನಿಂತಿದ್ದ ಮಾನೂಶ್ ಕುಟುಂಬವೊಂದರ ಬಾಲಕನು ಕೈ ಚಾಚಿದನು. ನಾನು ಕೊಟ್ಟೆ. ಅವನ ಎಳೆಯ ಕೈಯಲ್ಲಿ ಆ ಹೊಸ ಮರ ಬಿಚ್ಚಿಕೊಂಡು ಮಾತನಾಡಿದ್ದನ್ನು ಕೇಳಿ, ಅದರೊಳಗೆ ಏನೇನಿದೆಯೆಂಬುದು ನನಗೆ ಗೊತ್ತಾಯಿತು. ಅವನಿಗೆ ಸ್ವರಲಿಪಿ ಬಾರದು. ಚಿಕ್ಕಪ್ಪಂದಿರ ಬೆರಳುಗಳನ್ನು ನೋಡಿ ಕಲಿತವನೆಂದು ಅವನ ತಂದೆ ಹೇಳಿದರು. ಗುರುವಿನ ಎದುರು ಕುಳಿತು ಕಿವಿಯಿಂದಲೇ ಸಂಗೀತವನ್ನು ಹೊತ್ತು ತಂದ ನಮ್ಮ ಮಾವನಿಗೆ ಆ ಹುಡುಗನ ವಿದ್ಯೆ ಅಪರಿಚಿತವೆನಿಸುತ್ತಿರಲಿಲ್ಲ.

ಈಗ ಆ ಗಿಟಾರು ನನ್ನ ಜೊತೆಗೆ ಮಲೆನಾಡಿನಲ್ಲಿದೆ. ಮಳೆಗಾಲ ಬಂತೆಂದರೆ ಮುಖದ ಹಲಗೆ ತೇವವನ್ನು ಹೀರಿ ಕೊಂಚ ಉಬ್ಬುತ್ತದೆ, ತಂತಿಗಳು ಮೇಲೇಳುತ್ತವೆ. ಆಗ ಶಿಲ್ಪಿ ಕೊಟ್ಟಿರುವ ಗಿಡ್ಡ ಕುದುರೆಯನ್ನು ಹಾಕುತ್ತೇನೆ, ಚಳಿಗಾಲಕ್ಕೆ ಎತ್ತರದ್ದನ್ನು ಹಾಕುತ್ತೇನೆ. ಚೆನ್ನಾಗಿ ನುಡಿಸುತ್ತ ಬಂದರೆ ಇದರ ಸ್ವರ ಇನ್ನೂ ಎಷ್ಟೋ ವರ್ಷ ಪಕ್ವವಾಗುತ್ತ ಹೋಗುವುದೆಂದು ಬಲ್ಲವರು ಹೇಳುತ್ತಾರೆ. ಅದನ್ನು ಪೂರ್ತಿಯಾಗಿ ಕೇಳುವವನು ನನ್ನ ತರುವಾಯ ಬರುವವನು. ಹಾಗೆಯೇ, ಇದರ ಬೆನ್ನಿನ ಬೀಟೆಯನ್ನು ಬೆಳೆಯಗೊಟ್ಟವರು ಇದರ ದನಿಯನ್ನು ಕೇಳಲಿಲ್ಲ. ವಾದ್ಯವೆಂಬುದು ಒಬ್ಬರ ಆಯುಷ್ಯದಲ್ಲಿ ಮುಗಿಯುವ ಸಂಪಾದನೆಯಲ್ಲ. ಮುಂದಿನವರಿಗಾಗಿ ಹಿಂದಿನವರು ಕಾದು ಕೊಟ್ಟ ಬಳುವಳಿ. ಆದುದರಿಂದ, ಕಾಫಿಯ ತೋಟದಲ್ಲಿಯೋ ಬೇಣದ ಅಂಚಿನಲ್ಲಿಯೋ ತುಸು ನೆಲವುಳ್ಳ ಓದುಗರಲ್ಲಿ ನನ್ನದೊಂದು ಬಿನ್ನಹ: ಬರುವ ಮುಂಗಾರಿನಲ್ಲಿ ನೆರಳಿಗೆಂದು ಸಿಲ್ವರ್ ಓಕನ್ನು ನೆಡುವಾಗ, ಅದರ ಜೊತೆಗೆ ಒಂದು ಬೀಟೆಯ ಸಸಿಯನ್ನೂ ನೆಡಿರಿ.